ವಾಸಿಯಾದವನ ನೋವು

ನಾನು ಬಸ್ ಕಂಡಕ್ಟರ್ ಆಗಿದ್ದವನು. ಕನಕಪುರದಿಂದ ರಾಮನಗರ, ರಾಮನಗರದಿಂದ ಮಾಗಡಿ, ನಡುನಡುವೆ ಚನ್ನಪಟ್ಟಣದ ಹಳ್ಳಿಗಳ ಕಡೆ ಒಂದಿಷ್ಟು ದಿನ. ನನ್ನ ಸರ್ವಿಸ್ಸೆಲ್ಲ ಇಷ್ಟರೊಳಗೇ ಮುಗಿಯಿತು. ನಲವತ್ತೈದು ದಾಟುವ ತನಕ ನನಗೆ ಎಡಪಕ್ಕೆ ಅಂತ ಒಂದಿದೆ ಎನ್ನುವುದೇ ನೆನಪಿಗೆ ಬಂದಿರಲಿಲ್ಲ. ನೆಟ್ಟಗಿರುವ ಮನುಷ್ಯನಿಗೆ ಪಕ್ಕೆ ಯಾಕೆ ನೆನಪಾಗಬೇಕು? ಆಮೇಲೆ ಅದನ್ನು ಬಿಟ್ಟು ಬೇರೇನೂ ನೆನಪಾಗದ ಕಾಲ ಬಂತು. ಬೆಳಿಗ್ಗೆ ಏನು ತಿಂಡಿ ತಿಂದೆ ಅಂತ ಕೇಳಿದರೆ ತಡವರಿಸುತ್ತಿದ್ದೆ. ಪಕ್ಕೆ ಎಷ್ಟು ಹೊತ್ತಿಗೆ ಉರಿಯಲು ಶುರುವಾಯಿತು ಅಂತ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ.

ಶುರುವಾದದ್ದು ಕೈಯಲ್ಲಿ ಹರಿದುಕೊಡುವ ಟಿಕೆಟ್ ಹೋಗಿ ಮೆಷಿನ್ ಬಂದ ಹೊಸತರಲ್ಲಿ. ಎಡಗಡೆ ಎದೆಯ ಕೆಳಗಿಂದ ಬೆನ್ನಿನವರೆಗೆ ಏನೋ ಚುರುಚುರು. ಬ್ಯಾಗಿನ ಪಟ್ಟಿ ಉಜ್ಜಿರಬೇಕು ಅಂದುಕೊಂಡೆ. ಕಂಡಕ್ಟರನ ಚರ್ಮದ ಬ್ಯಾಗು ಬಲಹೆಗಲಿಂದ ಇಳಿದು ಎಡಪಕ್ಕೆಯ ಮೇಲೆ ಕೂರುತ್ತದೆ. ದಿನವಿಡೀ ಅಲ್ಲೇ ಕುಣಿಯುತ್ತಿರುತ್ತದೆ. ಕೊಬ್ಬರಿ ಎಣ್ಣೆ ಸವರಿಕೊಂಡು ಡ್ಯೂಟಿಗೆ ಹೋದೆ. ಮಾರನೆಯ ದಿನ ಸ್ನಾನಕ್ಕೆಂದು ಬನೀನು ತೆಗೆದರೆ, ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಬೆನ್ನಿನ ಕಡೆಗೆ ಹೊರಟಿದ್ದವು. ಹೆಂಡತಿ ನೋಡಿದವಳೇ ಚನ್ನಪಟ್ಟಣಕ್ಕೆ ಫೋನು ಮಾಡಿ ನನ್ನ ಅಕ್ಕನಿಗೆ ಹೇಳಿದಳು. ನಮ್ಮ ಮನೆಯಲ್ಲಿ ಏನಾದರೂ ಮೊದಲು ಅಕ್ಕನಿಗೆ ಹೇಳುವುದು ರೂಢಿ.

ಅಕ್ಕ ಅಂದರೆ ನನಗೆ ಅಕ್ಕ ಮಾತ್ರ ಅಲ್ಲ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅವ್ವ ಹೋದಳು. ಅಲ್ಲಿಂದ ನನಗೆ ಹೊಟ್ಟೆಗೆ ಹಾಕಿದವಳು, ತಲೆ ಬಾಚಿದವಳು, ಬೆತ್ತ ಹಿಡಿದವಳು ಎಲ್ಲ ಅವಳೇ. ಮದುವೆಯಾಗಿ ಚನ್ನಪಟ್ಟಣಕ್ಕೆ ಹೋದಾಗ ನನ್ನನ್ನೂ ಗಂಟಿನ ಜೊತೆ ಎತ್ತಿಕೊಂಡು ಹೋದಳು. ಭಾವ ಬೊಂಬೆ ಕೆಲಸದವರು. ಅವರು ತೀರಿಕೊಂಡ ಮೇಲೆ ಅಕ್ಕನೇ ಬೊಂಬೆ ಕಾರ್ಖಾನೆಯ ಲೇತಿನ ಮುಂದೆ ಕೂತು, ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿದು, ತಾಳೆಗರಿ ಒತ್ತಿ ಹೊಳಪು ತರುವುದನ್ನು ಕಲಿತಳು. ಆ ಕೈಯಲ್ಲಿ ಎಷ್ಟು ಶಕ್ತಿ ಅಂತ ನನ್ನ ಕಿವಿಗೆ ಗೊತ್ತು.

ಅವತ್ತೇ ಮಧ್ಯಾಹ್ನ ಬಂದಳು. ಬಾಗಿಲಲ್ಲೇ ನನ್ನ ಅಂಗಿ ಎತ್ತಿಸಿ ನೋಡಿದಳು.

"ಇದು ಸರ್ಪಸುತ್ತು ಕಣ್ಲಾ. ನೋಡು, ಹೆಂಗ್ ಸುತ್ತಾಕಂಡ್ ಬತ್ತಾ ಐತೆ. ತಲೆ ಬಾಲ ಸೇರ್ಬುಟ್ರೆ ಮನ್ಸ ಉಳಿಯಲ್ಲ."

"ಆಸ್ಪತ್ರೆಗೆ ತೋರಿಸೋಣ ಅತ್ತಿಗೆ," ಅಂದಳು ನನ್ನ ಹೆಂಡತಿ.

"ಆಸ್ಪತ್ರೇಲಿ ಸೂಜಿ ಚುಚ್ತಾರೆ ಕಣವ್ವ. ಇದ್ಕೆ ಸೂಜಿ ಮುಟ್ಟುದ್ರೆ ನಂಜು ಒಳಿಕ್ಕೆ ಇಳ್ದ್‌ಬುಡ್ತದೆ. ನಮ್ ಕಾರ್ಖಾನೇಲಿ ಒಬ್ರಿಗೆ ಹಂಗೇ ಆಗಿದ್ದು."

ಹೆಂಡತಿ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ನನಗೂ ಅದು ಸರಿ ಅನ್ನಿಸಿತ್ತು, ಯಾರೂ ಕೈಕಾಲು ಕಟ್ಟಿ ಎಳೆದುಕೊಂಡು ಹೋಗಲಿಲ್ಲ. ನಮ್ಮ ಕಡೆ ಸರ್ಪಸುತ್ತು ಅಂದರೆ ಅದು ಡಾಕ್ಟರ ಕಾಯಿಲೆಯೇ ಅಲ್ಲ. ಓದಿದವರೂ ಹಾಗೇ ಅನ್ನುತ್ತಾರೆ. ಗುಳ್ಳೆಗೆ ಕೆಮ್ಮಣ್ಣು ಬರೆಯುವವರು ಊರೂರಲ್ಲಿ ಇದ್ದಾರೆ. ಅವರ ಹತ್ತಿರ ಹೋಗಬೇಕು, ಅಷ್ಟೆ.

ಅಕ್ಕ ಕರೆದುಕೊಂಡು ಹೋದದ್ದು ಬೈರಾಪಟ್ಟಣ ದಾಟಿ ಒಳಗಿರುವ ಒಂದು ಹಳ್ಳಿಗೆ. ಬರೆಯುವವರು ವಯಸ್ಸಾದ ರೈತರು. ಕಾಣಿಕೆ ಅಂತ ಎಲೆ ಅಡಿಕೆ ಬಿಟ್ಟು ಇನ್ನೇನೂ ಮುಟ್ಟುತ್ತಿರಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಗರಿಕೆ ರಸ ಹಿಂಡಿ, ಕೆಮ್ಮಣ್ಣು ತೇದು, ಬೇವಿನ ಕಡ್ಡಿಯಿಂದ ಗುಳ್ಳೆಗಳ ಮೇಲೆಲ್ಲ ನಿಧಾನವಾಗಿ ಸವರಿದರು. ಬಾಯಲ್ಲಿ ಏನೋ ಮಣಮಣ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಹಿಂದೊಂದು ಮುಂದೊಂದು ಅಡ್ಡಗೆರೆ ಎಳೆದರು. "ಇದನ್ನ ದಾಟಕ್ಕಿಲ್ಲ ಬುಡಿ, ಬೇಲಿ ಹಾಕಿವ್ನಿ," ಅಂದರು. ಸುಳ್ಳು ಯಾಕೆ ಹೇಳಲಿ, ಆ ತಣ್ಣನೆಯ ಮಣ್ಣು ಬಿದ್ದ ಕೂಡಲೇ ಜೀವಕ್ಕೆ ಹಾಯ್ ಅನ್ನಿಸಿತು. ಒಣಗಿದ ಮೇಲೆ ಚರ್ಮ ಹಿಡಿದು ಜಗ್ಗುವಾಗ ಮಾತ್ರ ಹಲ್ಲು ಕಚ್ಚಿಕೊಳ್ಳಬೇಕಾಗುತ್ತಿತ್ತು.

ಅಕ್ಕ ಕೆಲಸಕ್ಕೆ ರಜೆ ಹಾಕಿ ನಮ್ಮ ಮನೆಯಲ್ಲೇ ಉಳಿದಳು. ಪಥ್ಯ ಅಂದರೆ ಪಥ್ಯ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಸ್ನಾನವಿಲ್ಲ. ಒಗ್ಗರಣೆಯ ವಾಸನೆ ತಗುಲಿದರೆ ಗುಳ್ಳೆ ಕೆರಳುತ್ತದೆ ಅಂತ ಒಲೆಯ ಮೇಲೆ ಬಾಣಲೆಯನ್ನೇ ಇಡಗೊಡಲಿಲ್ಲ. ಅದೂ ಸಾಲದೆಂದು, ಪಕ್ಕದ ಮನೆಯಲ್ಲಿ ಸಾಸಿವೆ ಚಟಪಟ ಅಂದರೆ ಸಾಕು, ಕಾಂಪೌಂಡಿನ ಹತ್ತಿರ ನಿಂತು, "ತಾಯಿ, ನನ್ ತಮ್ಮ ಸಾಯ್ತಾವ್ನೆ, ಒಸಿ ದಿನ ಒಗ್ರಣೆ ಬುಟ್ಬುಡ್ರಮ್ಮ!" ಅಂತ ಕೂಗುತ್ತಿದ್ದಳು. ಅವರು ಪಾಪ ನಿಜವಾಗಿಯೂ ಬಿಟ್ಟರು. ನನ್ನ ಸರ್ಪಸುತ್ತಿಗೆ ಎರಡು ಮನೆಯವರು ಸಪ್ಪೆ ಸಾರು ತಿಂದರು.

ಕೆಲವು ವಾರಕ್ಕೆ ಗುಳ್ಳೆ ಬತ್ತಿ, ಹಕ್ಕಳೆ ಉದುರಿತು. ಬೇಲಿ ದಾಟಿರಲಿಲ್ಲ. ಅಕ್ಕ ನನ್ನ ತಲೆಗೆ ಎಣ್ಣೆ ಒತ್ತಿ ನೀರು ಹಾಕಿ, ಉಪ್ಪು ಬೆರೆಸಿದ ಮೊಸರನ್ನ ಕಲಸಿ ಕೈತುತ್ತು ಕೊಟ್ಟಳು. ಮುಂದಿನ ಶನಿವಾರ ಕೆಂಗಲ್ಲಿಗೆ ಕರೆದುಕೊಂಡು ಹೋಗಿ ಆಂಜನೇಯನಿಗೆ ವೀಳ್ಯದೆಲೆ ಹಾರ ಹಾಕಿಸಿದಳು. ಗುಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅವ್ವನ್ನ ಉಳಿಸ್ಕಳಾಕ್ ಆಗ್ಲಿಲ್ಲ. ನಿನ್ನ ಉಳಿಸ್ಕಂಡೆ ಕಣ್ಲಾ," ಅಂದಳು. ಆ ಹೊತ್ತಿನಲ್ಲಿ ನನ್ನ ಎಡಪಕ್ಕೆ ಧಗಧಗ ಉರಿಯುತ್ತಿತ್ತು. ಗಾಯ ಮಾಗಿದ ಹೊಸತು, ಕಾವು ಇರುತ್ತದೆ ಅಂದುಕೊಂಡೆ.

ಆ ಕಾವು ಇಳಿಯಲೇ ಇಲ್ಲ.

ಈ ನೋವನ್ನು ಹೇಳುವುದು ಕಷ್ಟ. ಗಾಯ ಇದ್ದರೆ ತೋರಿಸಬಹುದು, ಮೂಳೆ ಮುರಿದಿದ್ದರೆ ಬ್ಯಾಂಡೇಜು ಕಾಣುತ್ತದೆ. ನನ್ನ ಪಕ್ಕೆಯಲ್ಲಿ ಒಂದಿಷ್ಟು ಬಿಳಿಚಿಕೊಂಡ ಕಲೆ ಬಿಟ್ಟು ಏನೂ ಇರಲಿಲ್ಲ. ಆದರೆ ಅಂಗಿ ತಾಗಿದರೆ ಉರಿ, ಫ್ಯಾನಿನ ಗಾಳಿ ತಾಗಿದರೆ ಉರಿ. ಗಟ್ಟಿಯಾಗಿ ಒತ್ತಿ ಹಿಡಿದರೆ ಪರವಾಗಿಲ್ಲ. ಹಗುರವಾಗಿ ಸೋಕಿದರೆ ಪ್ರಾಣ ಹೋದಂತೆ. ಮಧ್ಯೆ ಮಧ್ಯೆ ಯಾರೋ ಕರೆಂಟು ಕೊಟ್ಟ ಹಾಗೆ ಒಂದು ಸೆಳಕು ಹೊಡೆದು ಹೋಗುತ್ತಿತ್ತು. ಹೆಂಡತಿ ನನ್ನ ಖಾಕಿ ಅಂಗಿಗೆ ಗಂಜಿ ಹಾಕುವುದು ಬಿಟ್ಟಳು. ಬನೀನನ್ನು ಹೊಲಿಗೆ ಹೊರಗೆ ಬರುವ ಹಾಗೆ ತಿರುಗಿಸಿ ತೊಡುವುದನ್ನು ಕಲಿತೆ. ಬ್ಯಾಗನ್ನು ಬಲಪಕ್ಕೆಗೆ ಬದಲಾಯಿಸಿದರೆ ಕೈಗೆ ಅಭ್ಯಾಸವಿಲ್ಲದೆ ತಡಕಾಡುತ್ತಿದ್ದೆ, ಜನ ಗೊಣಗುತ್ತಿದ್ದರು.

ಅದರಲ್ಲೂ ಕಂಡಕ್ಟರ್ ಕೆಲಸ! ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿನವರೆಗೆ ಮೈಗೆ ಮೈ ಉಜ್ಜಿಕೊಂಡು ಹೋಗುವುದೇ ಕೆಲಸ. ಬೆಳಗಿನ ಬಸ್ಸಿಗೆ ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಹುಡುಗರು ಬೆನ್ನಿಗೆ ಬ್ಯಾಗು ಹಾಕಿಕೊಂಡು ತುಂಬಿಕೊಳ್ಳುತ್ತಿದ್ದರು. ಮಾರ್ಕೆಟ್ಟಿಗೆ ರೇಷ್ಮೆ ಗೂಡು ತರುವವರು ಮೂಟೆ ತಂದು ಕಾಲ ಬುಡದಲ್ಲಿ ಇಡುತ್ತಿದ್ದರು. ಯಾರದೋ ಮೊಣಕೈ, ಯಾರದೋ ಟಿಫಿನ್ ಕ್ಯಾರಿಯರ್. ಒಮ್ಮೆ ಒಬ್ಬ ಮುದುಕಿ ಪ್ರೀತಿಯಿಂದಲೇ ನನ್ನ ಪಕ್ಕೆ ತಿವಿದು, "ಸಿಲ್ಲರೆ ಕೊಡು ಮಗ," ಅಂದಾಗ ನಾನು ಕಿರುಚಿಕೊಂಡೆ. ಡ್ರೈವರು ಬ್ರೇಕು ಹಾಕಿಬಿಟ್ಟ. ಬಸ್ಸಿನಲ್ಲಿದ್ದವರೆಲ್ಲ ಆ ಮುದುಕಿಯನ್ನೇ ನೋಡಿದರು. ಅವಳು ಏನು ಮಾಡಿದಳು ಅಂತ ಅವಳಿಗೂ ಗೊತ್ತಿಲ್ಲ, ಹೇಳಲು ನನಗೂ ಬಾಯಿಲ್ಲ.

ವಿಷಯ ಹರಡಿದ ಮೇಲೆ ನನ್ನ ಬಸ್ಸೇ ಔಷಧಿ ಅಂಗಡಿಯಾಯಿತು. ಮಾಗಡಿಯಲ್ಲಿ ಹತ್ತಿದವರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟು ಅನ್ನುವರು. ಕನಕಪುರದ ಮೇಷ್ಟರೊಬ್ಬರು ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೀರಿಗೆ ಹಾಕಿ ಕುಡಿ ಅಂದರು. ಇನ್ನೊಬ್ಬರು ಅದೇ ನೀರಿಗೆ ಮೆಂತ್ಯ ಅಂದರು. ಹಾವು ಹೊಡೆದಿದ್ದೀಯಾ ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಇಳಿಯುವ ಸ್ಟಾಪು ಬಂದರೂ ಇಳಿಯದೆ ಫುಟ್‌ಬೋರ್ಡಿನ ಮೇಲೆ ನಿಂತು ಪಥ್ಯ ವಿವರಿಸುವವರನ್ನು "ರೈಟ್ ರೈಟ್" ಅಂತ ಕೂಗಿಯೇ ಕೆಳಗಿಳಿಸಬೇಕಾಗುತ್ತಿತ್ತು. ಎಲ್ಲವನ್ನೂ ಮಾಡಿದೆ. ಎಕ್ಕದ ಎಲೆ ಕಟ್ಟಿಕೊಂಡು ಬೊಕ್ಕೆ ಎದ್ದಿತು, ಅಷ್ಟೇ ಲಾಭ.

ಅಕ್ಕನ ಮುಂದೆ ಮಾತ್ರ ನಾನು ವಾಸಿಯಾದವನು. ಮೊದಲು ಕೆಲವು ತಿಂಗಳು ಹೇಳಿ ನೋಡಿದ್ದೆ. "ಇನ್ನೂ ಉರೀತದೆ ಅಕ್ಕ," ಅಂದರೆ ಅವಳ ಮುಖ ಸಣ್ಣದಾಗುತ್ತಿತ್ತು. "ಉಪ್ಪು ಬೇಗ ತಿನ್ನಿಸ್‌ಬುಟ್ನೇನೋ," ಅಂತ ತನ್ನನ್ನೇ ಬೈದುಕೊಂಡು ಮತ್ತೆ ಹರಕೆ ಹೊರುತ್ತಿದ್ದಳು. ಅದನ್ನು ನೋಡಲಾಗದೆ ಒಂದು ದಿನ "ಈಗೇನಿಲ್ಲ ಅಕ್ಕ" ಅಂದೆ. ಅವಳಿಗಾದ ಸಂತೋಷ ನೋಡಿದ ಮೇಲೆ ಆ ಮಾತನ್ನು ವಾಪಸು ತೆಗೆದುಕೊಳ್ಳಲು ಆಗಲಿಲ್ಲ. ಹಬ್ಬಕ್ಕೆ ಹೋದರೆ ಬಾಗಿಲಲ್ಲೇ, "ಈಗೇನಿಲ್ವಲ್ಲ?" ಅನ್ನುವಳು. "ಏನಿಲ್ಲ ಅಕ್ಕ." ಅಲ್ಲಿಗೆ ಮುಗಿಯಿತು. ಆಮೇಲೆ ಊಟ ಮುಗಿಯುವ ತನಕ ನಾನು ನೆಟ್ಟಗೆ ಕೂತು, ನಗುತ್ತಾ, ಬಡಿಸಿದ್ದನ್ನೆಲ್ಲ ತಿನ್ನಬೇಕು. ಬಸ್ಸಿನಲ್ಲಿ ನಿಂತುಕೊಳ್ಳುವುದಕ್ಕಿಂತ ಅದೇ ದಣಿವು.

ರಾಮನಗರದ ಡಾಕ್ಟರೊಬ್ಬರು ಶಕ್ತಿಯ ಮಾತ್ರೆ ಕೊಟ್ಟರು. ಇನ್ನೊಬ್ಬರು ಎಕ್ಸರೇ ತೆಗೆಸಿ, ಎಲ್ಲ ಸರಿಯಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ನಾನು ಹಚ್ಚಿಕೊಂಡಿರಲಿಲ್ಲ, ಅದೇ ಹತ್ತಿಕೊಂಡಿತ್ತು. ಕೊನೆಗೆ ಹೆಂಡತಿ ಹಟ ಹಿಡಿದು ಬೆಂಗಳೂರಿನ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆತ ಹತ್ತಿ ಎಳೆಯೊಂದನ್ನು ತೆಗೆದುಕೊಂಡು ನನ್ನ ಪಕ್ಕೆಯ ಮೇಲೆ ಸುಮ್ಮನೆ ಎಳೆದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಗೊತ್ತಾಯಿತು ಕೂತ್ಕೊಳ್ಳಿ," ಅಂದರು. ನನಗೆ ಅಳು ಬಂತು. ನನ್ನ ನೋವು ನಿಜ ಅಂತ ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದಿತ್ತಲ್ಲ, ಆ ವೈರಸ್ಸು ನರದಲ್ಲಿ ಮಲಗಿರುತ್ತದೆ, ವಯಸ್ಸಾದ ಮೇಲೆ ಎದ್ದು ನರದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ಅದಕ್ಕೇ ಸುತ್ತಿದ ಹಾಗೆ ಕಾಣುವುದು. ತಲೆಯೂ ಇಲ್ಲ, ಬಾಲವೂ ಇಲ್ಲ. ಒಂದು ಪಕ್ಕಕ್ಕೇ ನಿಂತು, ತಾನಾಗಿ ಒಣಗುತ್ತದೆ. ಕೆಲವರಿಗೆ ಮಾತ್ರ ಆ ನರ ಕೆಟ್ಟು ನೋವು ಉಳಿದುಬಿಡುತ್ತದೆ.

"ಗುಳ್ಳೆ ಎದ್ದ ತಕ್ಷಣ ಯಾರಿಗೆ ತೋರಿಸಿದ್ರಿ?" ಅಂತ ಕೇಳಿದರು.

ಹೆಂಡತಿ ಹೇಳಿದಳು.

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡು ಮೂರು ದಿನದೊಳಗೆ ಬಂದಿದ್ರೆ ಮಾತ್ರೆ ಇತ್ತು. ಇಷ್ಟು ಆಗ್ತಿರಲಿಲ್ಲವೇನೋ. ಖಂಡಿತ ಅಂತ ಹೇಳಕ್ಕಾಗಲ್ಲ," ಅಂದರು.

ವಾಪಸು ಬರುವಾಗ ಬಿಡದಿ ದಾಟಿದ ಮೇಲೆ ಹೆಂಡತಿ, "ಅತ್ತಿಗೆಗೆ ಹೇಳೋದು ಬೇಡ," ಅಂದಳು. ಅವತ್ತು ಆಸ್ಪತ್ರೆ ಅಂದವಳು ಅವಳೇ. ನಾನು ಹೇಳಿರಲಿಲ್ಲವಾ ಅಂತ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ತನ್ನ ಕೈಯಾರೆ ತಮ್ಮನಿಗೆ ಈ ಗತಿ ತಂದೆ ಅಂತ ಅಕ್ಕನಿಗೆ ತಿಳಿದರೆ ಅವಳು ಬದುಕಿದ್ದೂ ಸತ್ತ ಹಾಗೆ. ಡಾಕ್ಟರೇ ಖಂಡಿತ ಅನ್ನದಿದ್ದ ಮೇಲೆ ನಾವು ಯಾಕೆ ಹೇಳಬೇಕು? ಹೀಗೆ ಗಂಡಹೆಂಡಿರು ತೀರ್ಮಾನ ಮಾಡಿಕೊಂಡೆವು.

ಆಮೇಲೆ ಔಷಧಿಗಳ ಮೆರವಣಿಗೆ. ನರದ ಮಾತ್ರೆ ತಿಂದರೆ ನೋವಿಗಿಂತ ಮುಂಚೆ ನಾನೇ ಮಲಗಿಬಿಡುತ್ತಿದ್ದೆ. ಕೆಂಗಲ್ ಬಂದಾಗ "ರಾಮನಗರ, ರಾಮನಗರ" ಅಂತ ಕೂಗಿ, ಒಂದು ಮದುವೆಯ ದಿಬ್ಬಣವನ್ನೇ ದೇವಸ್ಥಾನದ ಮುಂದೆ ಇಳಿಸಿದ್ದೆ. ಪ್ರಮಾಣ ಕಮ್ಮಿ ಮಾಡಿದರೆ ನಿದ್ದೆ ಹೋಗುತ್ತಿತ್ತು, ನೋವು ಬರುತ್ತಿತ್ತು. ಮೆಣಸಿನಕಾಯಿಯ ಸತ್ವ ಹಾಕಿದ ಒಂದು ಮುಲಾಮು ಕೊಟ್ಟರು. ಉರಿಯುವ ಜಾಗಕ್ಕೆ ಮೆಣಸಿನಕಾಯಿ! ಖಾರ ಮುಟ್ಟಬೇಡ ಅಂತ ಅಕ್ಕ ಸಪ್ಪೆ ತಿನ್ನಿಸಿದ ಮೈಗೆ ಬೆಂಗಳೂರಿನವರು ಖಾರ ಅರೆದು ಹಚ್ಚಿದರು ಅಂತ ಹೆಂಡತಿ ನಕ್ಕಳು. ಹಚ್ಚಿದ ಕೈಯಲ್ಲೇ ನಾನು ಕಣ್ಣುಜ್ಜಿಕೊಂಡ ಮೇಲೆ ನಗು ನಿಂತಿತು. ಮರಗಟ್ಟಿಸುವ ಪಟ್ಟಿ ಅಂಟಿಸಿದರು. ಬಸ್ಸಿನ ಬೆವರಿಗೆ ಮಧ್ಯಾಹ್ನದೊಳಗೆ ಕಿತ್ತು ಪ್ಯಾಂಟಿನೊಳಗೆ ಇಳಿಯುತ್ತಿತ್ತು. ಬೆನ್ನಿನ ಹತ್ತಿರ ನರಕ್ಕೇ ಒಂದು ಇಂಜೆಕ್ಷನ್ ಕೊಟ್ಟರು. ಅದು ಹಿಡಿಯಿತು. ಆ ಕೆಲವು ವಾರ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಾಡಿದೆ, ಎಡಮಗ್ಗುಲಾಗಿ ಮಲಗಿದೆ. ಇನ್ನು ಮುಗಿಯಿತು ಅಂದುಕೊಂಡೆ. ಒಂದು ದಿನ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನಿಂತಿದ್ದಾಗ ಅದು ವಾಪಸು ಬಂತು. ಲೋಟ ಕೆಳಗಿಟ್ಟು ಬೆಂಚಿನ ಮೇಲೆ ಕೂತೆ. ಮೊದಲ ಸಲ ಬಂದಾಗಲೂ ಅಷ್ಟು ಬೇಜಾರಾಗಿರಲಿಲ್ಲ.

ಮತ್ತೆ ಹೋಗಿ ಚುಚ್ಚಿಸಿಕೊಂಡರೆ ಎರಡನೆಯ ಸಲ ಅಷ್ಟು ಹಿಡಿಯಲಿಲ್ಲ. ಡಾಕ್ಟರು ಈ ಸಲ ಇನ್ನೊಂದು ಮಾತು ಹೇಳಿದರು: ಪೂರ್ತಿ ಹೋಗುವುದು ಕಷ್ಟ, ಅರ್ಧ ಇಳಿದರೆ ಗೆದ್ದಂತೆ. ಅವರ ಬಾಗಿಲಲ್ಲಿ ನನ್ನ ಹಾಗೇ ಕಾಯುತ್ತಿದ್ದ ಹೆಂಗಸೊಬ್ಬರಿಗೆ ಹಣೆಯ ಮೇಲೆ ಬಂದಿತ್ತಂತೆ, ತಡವಾಗಿ ಬಂದು ಒಂದು ಕಣ್ಣು ಹೋಗಿತ್ತು. ಕಣ್ಣಿನ ಹತ್ತಿರ ಗುಳ್ಳೆ ಕಂಡರೆ ಅವತ್ತೇ ಓಡಿ ಬರಬೇಕು, ನಿಮ್ಮ ಕಡೆಯವರಿಗೂ ಹೇಳಿ ಅಂತ ಡಾಕ್ಟರು ನನಗೆ ಎಚ್ಚರಿಕೆ ಕೊಟ್ಟರು. ನಾನು ತಲೆಯಾಡಿಸಿ ಬಂದೆ.

ನನ್ನ ಪುಣ್ಯಕ್ಕೆ ಡಿಪೋದವರು ಕನಿಕರಪಟ್ಟು ರಾಮನಗರದ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿಗೆ ಹಾಕಿದರು. ಮೈಕಿನಲ್ಲಿ ಯಾವ ಬಸ್ಸು ಯಾವ ಕಡೆ ಅಂತ ಕೂಗುವ ಕೆಲಸ. ಯಾರೂ ಮೈಗೆ ತಾಗುತ್ತಿರಲಿಲ್ಲ. ಸಣ್ಣ ಪ್ರಮಾಣದ ಮಾತ್ರೆ, ಮೆತ್ತನೆ ಬನೀನು, ಬೇಸಿಗೆಯಲ್ಲಿ ಒದ್ದೆ ಟವೆಲ್ಲು. ಹೀಗೇ ವರ್ಷಗಳು ಉರುಳಿದವು. ನೋವಿಗೆ ಹೊಂದಿಕೊಂಡೆ ಅಂತ ಜನ ಹೇಳುತ್ತಿದ್ದರು. ಹೊಂದಿಕೊಳ್ಳಲಿಲ್ಲ, ಸಾಕಾಯಿತು, ಅಷ್ಟೆ. ಹೊಸ ಔಷಧಿಯ ಹೆಸರು ಕೇಳಿದರೆ ಆಸೆ ಬರುವುದಕ್ಕೆ ಬದಲು ಸುಸ್ತಾಗುತ್ತಿತ್ತು.

ಇತ್ತ ಅಕ್ಕ ಸುಮ್ಮನಿರಲಿಲ್ಲ. ತಮ್ಮನನ್ನು ಉಳಿಸಿಕೊಂಡ ಕಥೆ ಅವಳ ಬೀದಿಗೆಲ್ಲ ಗೊತ್ತಿತ್ತು. ಯಾರ ಮೈಯಲ್ಲಿ ಗುಳ್ಳೆ ಎದ್ದರೂ ಜನ ಅವಳ ಬಾಗಿಲಿಗೇ ಬರುವರು. ಅವಳು ಕೆಲಸ ಬಿಟ್ಟು, ತನ್ನ ಖರ್ಚಿನಲ್ಲೇ ಆಟೋ ಮಾಡಿ, ಬೈರಾಪಟ್ಟಣದ ಕಡೆ ಕರೆದುಕೊಂಡು ಹೋಗುವಳು. ಎಷ್ಟೋ ಜನಕ್ಕೆ ವಾಸಿಯೂ ಆಯಿತು, ತಾನಾಗಿ ಒಣಗುವ ಕಾಯಿಲೆ ತಾನೇ. ಆಗದಿದ್ದವರು ಏನಾದರು ಅಂತ ನಾನು ಕೇಳಲಿಲ್ಲ. ಅವಳಿಗೆ ಅದೊಂದು ಸಾರ್ಥಕತೆ ಅಂದುಕೊಂಡು ನನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆ. ಪಕ್ಕದ ಮನೆಯ ಹೆಂಗಸು ಬಂದಳು. ಅಕ್ಕನ ಜೊತೆಗೇ ಬೊಂಬೆ ಕಾರ್ಖಾನೆಯಲ್ಲಿ ಬಣ್ಣ ಹಾಕುವವಳು. ಮುಸ್ಲಿಮರ ಮನೆಯ ಸೊಸೆ, ಅಕ್ಕನನ್ನು ಒಡಹುಟ್ಟಿದವಳ ಹಾಗೆ ಕಾಣುತ್ತಿದ್ದಳು. ತಲೆಯ ಮೇಲಿನ ದುಪಟ್ಟಾ ಸರಿಸಿ ಹಣೆ ತೋರಿಸಿದಳು. ಬಲಹುಬ್ಬಿನ ಮೇಲಿಂದ ಕೂದಲಿನೊಳಕ್ಕೆ ಗುಳ್ಳೆಗಳ ಗೊಂಚಲು. ರೆಪ್ಪೆ ಊದಿಕೊಂಡು ಅರ್ಧ ಮುಚ್ಚಿತ್ತು.

"ನಿನ್ನೆ ತಲೆ ಸಿಡೀತಿತ್ತು ಅಕ್ಕ. ಬೆಳಿಗ್ಗೆ ನೋಡುದ್ರೆ ಹಿಂಗೆ."

ಅಕ್ಕ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಹೆದ್ರುಕೋಬ್ಯಾಡ ಕಣವ್ವ, ಸರ್ಪಸುತ್ತು. ತಲೆಗೇ ಬಂದ್ಬುಟ್ಟೈತೆ. ನಡಿ, ಈಗ್ಲೇ ಕೆಮ್ಮಣ್ಣು ಬರೆಸ್ಕಂಡ್ ಬರಾನ. ನೋಡು, ನನ್ ತಮ್ಮ ಇಲ್ಲೇ ಅವ್ನೆ. ಇವ್ನ ಪಕ್ಕೆ ಪೂರ್ತಿ ಸುತ್ತಿತ್ತು. ಈಗ ಹೆಂಗವ್ನೆ, ಕೇಳು. ಹೇಳ್ಲಾ."

ಇಬ್ಬರೂ ನನ್ನ ಕಡೆ ನೋಡಿದರು. ಅಕ್ಕನ ಮುಖದಲ್ಲಿ ಹೆಮ್ಮೆ ಇತ್ತು. ಆ ಹೆಂಗಸಿನ ಒಂದು ಕಣ್ಣಿನಿಂದ ನೀರು ಸುರಿಯುತ್ತಿತ್ತು. ಏನಾದರೂ ನೆಪ ಹೇಳೋಣ ಅಂತ ಹುಡುಕಿದೆ. ಕಣ್ಣಿನ ಹತ್ತಿರ ಮಣ್ಣು ಬೇಡ ಅನ್ನಲೇ? ಅಕ್ಕ ಒಪ್ಪುವವಳಲ್ಲ, ಕಣ್ಣು ಮುಚ್ಚಿಸಿ ಬರೆಸುತ್ತಾಳೆ. ಇವತ್ತು ಆ ಮುದುಕರು ಊರಲ್ಲಿಲ್ಲ ಅನ್ನಲೇ? ನಾಳೆ ಹೋಗುತ್ತಾರೆ. ಇಷ್ಟು ವರ್ಷ ಸುಳ್ಳು ಹೇಳಿದ ಬಾಯಿಗೆ ಅವತ್ತು ಒಂದೂ ಸುಳ್ಳು ಸಿಗಲಿಲ್ಲ.

"ಆಸ್ಪತ್ರೆಗೆ ಕರ್ಕಂಡ್ ಹೋಗಕ್ಕ," ಅಂದೆ. "ಈಗ್ಲೇ ಹೋಗ್ಬೇಕು. ಇಲ್ದಿದ್ರೆ ಕಣ್ಣು ಹೋಯ್ತದೆ."

"ಏನ್ಲಾ ನೀನು? ಸೂಜಿ ಚುಚ್ಚುದ್ರೆ ಒಳಿಕ್ಕೆ…"

"ಇಳಿಯಲ್ಲ ಅಕ್ಕ. ಡಾಕ್ಟ್ರು ಹೇಳವ್ರೆ."

"ಹಂಗಾದ್ರೆ ನಿಂಗೆ ವಾಸಿ ಆಗ್ಲಿಲ್ವೇನ್ಲಾ?" ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು.

"ಆಗ್ಲಿಲ್ಲ ಅಕ್ಕ. ಒಂದಿನಾನೂ ಆಗ್ಲಿಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. ನಾನು ಕೂತಿದ್ದ ರೀತಿ, ಎಡಗಡೆ ಅಂಗಿಯನ್ನು ಮೈಗೆ ತಾಗದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡಿದ್ದ ಕೈ, ಎಲ್ಲವನ್ನೂ ನೋಡಿದಳು. ಅಭ್ಯಾಸವಾಗಿ ನಾನು ಹಾಗೆ ಹಿಡಿದುಕೊಂಡಿರುವುದು ನನಗೇ ಗೊತ್ತಿರಲಿಲ್ಲ. ಅವಳು ಚಪ್ಪಲಿ ಮೆಟ್ಟಿ, "ನಡಿಯವ್ವ ಆಸ್ಪತ್ರೆಗೆ," ಅಂತ ಆ ಹೆಂಗಸಿನ ಕೈ ಹಿಡಿದು ಆಟೋ ಹತ್ತಿಸಿದಳು. ನಾನೂ ಬತ್ತೀನಿ ಅಂದರೆ ಕೈಯಾಡಿಸಿ ಬೇಡ ಅಂದಳು. ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಹೋಗಿದ್ದಳು. ನಾನೇ ಹಾಕಿ, ಬೀಗದ ಕೈಯನ್ನು ಆ ಹೆಂಗಸಿನ ಅತ್ತೆಗೆ ಕೊಟ್ಟು ಮನೆಗೆ ಬಂದೆ.

ಆಸ್ಪತ್ರೆಯವರು ಅವತ್ತೇ ಮಾತ್ರೆ ಶುರು ಮಾಡಿ ಬೆಂಗಳೂರಿಗೆ ಕಳಿಸಿದರಂತೆ. ಕಣ್ಣು ಉಳಿಯಿತು. ಇದನ್ನು ಹೇಳಿದ್ದು ಆ ಹೆಂಗಸಿನ ಗಂಡ, ಬಸ್‌ಸ್ಟ್ಯಾಂಡಿಗೇ ಬಂದು ನನ್ನ ಕೈ ಹಿಡಿದುಕೊಂಡು. ಅಕ್ಕ ಫೋನು ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಹೆಂಡತಿ ಮಾಡಿದರೆ, ಕೆಲಸ ಐತೆ ಕಣವ್ವ ಅಂತ ಇಟ್ಟುಬಿಡುವಳು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದರೆ ಮನೆಯಲ್ಲಿರಲಿಲ್ಲ. ಅವ್ವ ಹೋದ ಮೇಲೆ ನನಗೆ ಅಷ್ಟು ಒಂಟಿ ಅನ್ನಿಸಿದ್ದು ಆ ದಿನಗಳಲ್ಲೇ. ಬಾಯಿ ಮುಚ್ಚಿಕೊಂಡು ಇರಬಹುದಿತ್ತಲ್ಲ ಅಂತ ಒಮ್ಮೆ ಅನ್ನಿಸುವುದು, ಆ ಹೆಂಗಸಿನ ಕಣ್ಣು ನೆನಪಾಗಿ ಸುಮ್ಮನಾಗುವುದು.

ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಬಂದಳು. ಹೆಂಡತಿ ಕಾಫಿ ಇಡಲು ಒಳಗೆ ಹೋದಳು. ಅಕ್ಕ ನನ್ನ ಎದುರು ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೊರಗಿದ್ದಳು.

"ಅವತ್ತು ಕರ್ಕಂಡ್ ಹೋಗಿದ್ದು ನಾನೇ ಅಲ್ವೇನ್ಲಾ," ಅಂದಳು.

ಈ ಮಾತಿಗೆ ನನ್ನಲ್ಲಿ ಎಷ್ಟೋ ವರ್ಷದಿಂದ ಉತ್ತರ ತಯಾರಿತ್ತು. ಡಾಕ್ಟರೇ ಖಂಡಿತ ಅಂದಿಲ್ಲ, ಮಾತ್ರೆ ತಿಂದಿದ್ದರೂ ನೋವು ಉಳಿಯಬಹುದಿತ್ತು, ನಾನೇ ಒಪ್ಪಿ ಬಂದೆ ಅಂತೆಲ್ಲ. ಅಷ್ಟೂ ನಿಜ. ಆದರೆ ಅದನ್ನೆಲ್ಲ ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ, ಅವಳು ಅದನ್ನು ಕೇಳಲು ಬಂದ ಹಾಗೂ ಇರಲಿಲ್ಲ.

"ಹೂಂ ಅಕ್ಕ," ಅಂದೆ.

ಅವಳು ತಲೆಯಾಡಿಸಿದಳು. ಅಳಲಿಲ್ಲ. ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡಿ, ಮುಖ ಎತ್ತಿ ಕೇಳಿದಳು.

"ಬಾಳ ನೋಯ್ತದೇನ್ಲಾ ಮಗ?"

ಇಷ್ಟು ವರ್ಷದಲ್ಲಿ ಅವಳು ಇದನ್ನು ಕೇಳಿರಲಿಲ್ಲ. ಕೇಳುವುದಕ್ಕೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ, ಕೂದಲೆಲ್ಲ ಬೆಳ್ಳಗಾಗಿದ್ದ ನಾನು, ಕಂಟ್ರೋಲ್ ರೂಮಿನಲ್ಲಿ ದಿನಕ್ಕೆ ಸಾವಿರ ಸಲ ಬಾಯಿ ಬಿಡುವವನು, ಆ ಒಂದು ಮಾತು ಹೇಳಲು ಗಂಟಲು ಸರಿಮಾಡಿಕೊಳ್ಳಬೇಕಾಯಿತು.

"ಬಾಳ ನೋಯ್ತದೆ ಅಕ್ಕ," ಅಂದೆ.